ಮೊದಲ ಸರ್ಕಾರ

ಆಳಬೇಕೆಂಬ ಬಯಕೆಯಿಲ್ಲದ ಮನುಷ್ಯನು ವಿರಳ. ಅವಕಾಶ ಒದಗಲಿಲ್ಲವಾದ್ದರಿಂದ ಬಹುಮಂದಿ ಸಜ್ಜನರಾಗಿ ಉಳಿದಿದ್ದಾರೆ, ಅಷ್ಟೆ. ಮೇಲಧಿಕಾರಿಯ ಮುಖಭಾವವನ್ನು ನೋಡಿಕೊಂಡು ರಜೆಯ ಅರ್ಜಿಯನ್ನು ಜೇಬಿನಿಂದ ತೆಗೆಯುವ ಗುಮಾಸ್ತನೂ, ಸಾರಿಗೆ ಉಪ್ಪು ಸಾಲದೆಂಬ ಮಾತನ್ನಾಡಲು ಒಳ್ಳೆಯ ಗಳಿಗೆಯನ್ನು ಕಾಯುವ ಗೃಹಸ್ಥನೂ ರಾತ್ರಿ ಮಲಗುವ ಮುನ್ನ ‘ಈ ದೇಶವನ್ನು ನನ್ನ ಕೈಗೆ ಒಂದು ವರ್ಷ ಕೊಟ್ಟು ನೋಡಲಿ’ ಎಂದುಕೊಳ್ಳದೆ ನಿದ್ರೆ ಹೋಗುವುದಿಲ್ಲ. ದೇಶವನ್ನು ಯಾರೂ ಕೊಡುವುದಿಲ್ಲ. ಬೆಳಗಾಗುತ್ತದೆ, ಹಾಲಿನವನು ಬರುತ್ತಾನೆ, ಸಾಮ್ರಾಜ್ಯ ಕರಗಿಹೋಗುತ್ತದೆ.

ಈ ಬಯಕೆಗೆ ಬಹುಕಾಲದಿಂದ ಆಟಗಳೇ ಆಸರೆ. ಚದುರಂಗದಲ್ಲಿ ರಾಜನೂ ಉಂಟು, ಮಂತ್ರಿಯೂ ಉಂಟು. ಆದರೆ ಅಲ್ಲಿ ರಾಜ್ಯಪದ್ಧತಿ ಯಾವುದೆಂಬುದು ಮೊದಲೇ ಗೊತ್ತಾಗಿಬಿಟ್ಟಿದೆ. ಅರವತ್ತನಾಲ್ಕು ಮನೆಗಳ ಆ ನಾಡಿನಲ್ಲಿ ಪದಾತಿಗಳೆಲ್ಲ ಸಭೆ ಸೇರಿ ‘ಈ ರಾಜ ನಮಗೆ ಬೇಡ’ ಎಂದು ನಿರ್ಣಯ ಮಾಡಿದ ಉದಾಹರಣೆಯಿಲ್ಲ. ಪಗಡೆಯಲ್ಲಿ ರಾಜ್ಯವನ್ನು ಕಳೆದುಕೊಂಡವರಿದ್ದಾರೆ, ಕಟ್ಟಿದವರಿಲ್ಲ. ರಾಜ್ಯವನ್ನು ಬುನಾದಿಯಿಂದ ಕಟ್ಟಿ, ಅದಕ್ಕೊಪ್ಪುವ ಸರ್ಕಾರ ಯಾವುದೆಂಬುದನ್ನೂ ತಾನೇ ಆರಿಸಿಕೊಳ್ಳುವ ಸೌಭಾಗ್ಯ ಸಾಮಾನ್ಯ ಮನುಷ್ಯನಿಗೆ ಲಭಿಸಿದ್ದು ಕಂಪ್ಯೂಟರು ಮನೆಯನ್ನು ಹೊಕ್ಕ ಮೇಲೆ.

೧೯೯೧ರಲ್ಲಿ ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬಿಬ್ಬರು ಒಂದು ಆಟವನ್ನು ರಚಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಸಿವಿಲೈಸೇಷನ್’, ಎಂದರೆ ನಾಗರಿಕತೆ. ಆಟದ ಕಾಲ ಕ್ರಿಸ್ತಪೂರ್ವ ೪೦೦೦ದಿಂದ ಆರಂಭವಾಗುತ್ತದೆ. ಪರದೆಯೆಲ್ಲ ಕತ್ತಲೆ, ನಡುವೆ ಒಂದಿಷ್ಟು ಹಸುರು ನೆಲ, ಅದರ ಮೇಲೆ ನೆಲೆಯನ್ನು ಹುಡುಕಿಕೊಂಡು ಹೊರಟ ಒಂದು ಗುಂಪು ಜನ. ಅವರನ್ನು ಒಂದು ಹೊಳೆಯ ಬಳಿ ನಿಲ್ಲಿಸಿ ಊರು ಕಟ್ಟಿಸಿದರೆ ಚರಿತ್ರೆ ಶುರುವಾದಂತೆ. ಮುಂದೆ ಆರುಸಾವಿರ ವರ್ಷಗಳ ಅವಧಿಯಲ್ಲಿ ಬರಹ, ಚಕ್ರ, ಕಬ್ಬಿಣ, ಮುದ್ರಣ, ವಿದ್ಯುತ್ತು ಎಲ್ಲವೂ ಬಂದು ಕೊನೆಗೆ ಆಕಾಶನೌಕೆಯವರೆಗೆ ಪ್ರಯಾಣ. ಈ ಆಟಕ್ಕೆ ಮಕ್ಕಳೂ ಮೊಮ್ಮಕ್ಕಳೂ ಆದವು. ಆರನೆಯದು ೨೦೧೬ರಲ್ಲಿ, ಏಳನೆಯದು ೨೦೨೫ರಲ್ಲಿ ಹೊರಬಂದಿತು. ಊಟಕ್ಕೆ ಕರೆದಾಗ ‘ಇನ್ನೊಂದೇ ಸರದಿ’ ಎಂದು ಉತ್ತರ ಬರುವ ಮನೆಗಳಲ್ಲಿ ಈ ಆಟದ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಆರನೆಯ ಆಟವನ್ನೇ ನೋಡಬಹುದು. ಅಲ್ಲಿ ಮೊಟ್ಟಮೊದಲು ಇರುವುದು ಬುಡಕಟ್ಟಿನ ನಾಯಕನ ಆಡಳಿತ. ಅದನ್ನು ಯಾರೂ ಆರಿಸಿಕೊಳ್ಳುವುದಿಲ್ಲ; ಮಗುವಿಗೆ ತೊಟ್ಟಿಲು ಸಿಕ್ಕುವಂತೆ ಅದು ತಾನಾಗಿ ಸಿಕ್ಕುತ್ತದೆ. ರಾಜ್ಯದ ನೀತಿಗಳೆಲ್ಲ ಇಲ್ಲಿ ಇಸ್ಪೀಟಿನ ಎಲೆಗಳಂತಿವೆ. ನಾಯಕನ ಆಡಳಿತದಲ್ಲಿ ಎಲೆಗಳನ್ನಿಡಲು ಎರಡೇ ಮನೆ: ದಂಡಿನದೊಂದು, ದುಡಿಮೆಯದೊಂದು. ಕಾಡುಜನರ ಮೇಲೆ ಹೋರಾಡುವ ಶಿಸ್ತು ಒಂದು ಎಲೆಯಲ್ಲಿ, ಊರಿನ ಉತ್ಪತ್ತಿಯನ್ನು ಹೆಚ್ಚಿಸುವ ಯೋಜನೆ ಇನ್ನೊಂದರಲ್ಲಿ. ಹೊಸದಾಗಿ ಸಂಸಾರ ಹೂಡಿದವರ ಅಡುಗೆಮನೆಯಲ್ಲಿ ಎರಡೇ ಪಾತ್ರೆಗಳಿರುವಂತೆ, ಅಷ್ಟರಲ್ಲಿಯೇ ಕೆಲವು ಶತಮಾನಗಳನ್ನು ನೂಕಬೇಕು.

ಆಮೇಲೆ ಪ್ರಜೆಗಳಿಗೆ ‘ರಾಜಕೀಯ ತತ್ತ್ವಶಾಸ್ತ್ರ’ ಹೊಳೆಯುತ್ತದೆ. ಸುತ್ತಮುತ್ತಣ ಮೂರು ನಗರರಾಜ್ಯಗಳ ಪರಿಚಯ ಮಾಡಿಕೊಂಡವರಿಗೆ ಅದು ಬೇಗ ಹೊಳೆಯುತ್ತದೆ ಎಂಬುದು ಆಟದ ನಿಯಮ. ಇದು ಅರ್ಥವುಳ್ಳ ನಿಯಮ. ನೆರೆಮನೆಯವರು ಹೇಗೆ ಬಾಳುತ್ತಾರೆಂಬುದನ್ನು ಕಂಡ ಮೇಲಲ್ಲವೆ ‘ನಮ್ಮ ಮನೆಯಲ್ಲಿಯೂ ಬೇರೆ ರೀತಿಯಲ್ಲಿ ಇರಬಹುದಲ್ಲ’ ಎಂಬ ಯೋಚನೆ ಹುಟ್ಟುವುದು? ಆ ತತ್ತ್ವ ಹೊಳೆದ ಕೂಡಲೆ ಆಟಗಾರನ ಮುಂದೆ ಮೂರು ಬಾಗಿಲುಗಳು ತೆರೆಯುತ್ತವೆ: ಏಕಾಧಿಪತ್ಯ, ಕೆಲವರ ಆಡಳಿತ, ಪ್ರಾಚೀನ ಗಣರಾಜ್ಯ.

ಏಕಾಧಿಪತ್ಯದಲ್ಲಿ ದಂಡಿನ ಮನೆಗಳು ಎರಡು, ದುಡಿಮೆಯದು ಒಂದು, ಯಾವ ಎಲೆಯನ್ನಾದರೂ ಇಡಬಹುದಾದ ಮನೆ ಒಂದು. ಹೊರರಾಜ್ಯಗಳೊಡನೆ ಸ್ನೇಹ ಬೆಳೆಸುವ ಎಲೆಗೆಂದು ಮೀಸಲಾದ ಮನೆಯೇ ಇಲ್ಲ. ಅರಮನೆಯೂ ಸರ್ಕಾರಿ ಕಟ್ಟಡಗಳೂ ಇರುವ ನಗರಕ್ಕೆ ಅನ್ನದಿಂದ ಹಿಡಿದು ವಿದ್ಯೆಯವರೆಗೆ ಎಲ್ಲದರಲ್ಲಿಯೂ ಹೆಚ್ಚಳ. ಮಹಾಸೌಧಗಳನ್ನು ಕಟ್ಟುವ ಕೆಲಸ ನೂರಕ್ಕೆ ಹತ್ತರಷ್ಟು ಬಿರುಸು. ಹಳ್ಳಿಗಳ ಮಾತನ್ನು ಅದು ಎತ್ತುವುದಿಲ್ಲ. ಚರಿತ್ರೆಯಲ್ಲಿ ಇದರ ಮಾದರಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಈ ಆಟದಲ್ಲಿಯೇ ಚೀನದ ನಾಯಕನಾಗಿ ಬರುವ ಛಿನ್ ಷಿ ಹುವಾಂಗನನ್ನು ನೆನೆದರೆ ಸಾಕು. ಕ್ರಿ. ಪೂ. ೨೨೧ರಲ್ಲಿ ಆತ ಹೋರಾಡುತ್ತಿದ್ದ ರಾಜ್ಯಗಳನ್ನೆಲ್ಲ ಒಂದು ಮಾಡಿದ. ತೂಕ ಒಂದು, ಅಳತೆ ಒಂದು, ಬರಹ ಒಂದು. ಗಾಡಿಯ ಅಚ್ಚಿನ ಉದ್ದವೂ ನಾಡಿಗೆಲ್ಲ ಒಂದೇ. ಒಬ್ಬನ ಬಾಯಿಂದ ಅಪ್ಪಣೆ ಹೊರಟರೆ ಎಷ್ಟು ಬೇಗ ಎಷ್ಟೆಲ್ಲ ನಡೆಯಬಲ್ಲುದೆಂಬುದಕ್ಕೆ ಅದು ಸಾಕ್ಷಿ. ಆತ ತೀರಿಕೊಂಡದ್ದು ಕ್ರಿ. ಪೂ. ೨೧೦ರಲ್ಲಿ. ನಾಲ್ಕು ವರ್ಷ ಕಳೆಯುವುದರೊಳಗೆ ಅವನ ವಂಶದ ಆಳ್ವಿಕೆ ಮುಗಿದಿತ್ತು. ಅವನ ಸಮಾಧಿಯ ಕಾವಲಿಗೆ ನಿಲ್ಲಿಸಿದ ಮಣ್ಣಿನ ಸೈನಿಕರು ಮಾತ್ರ ೧೯೭೪ರಲ್ಲಿ ನೆಲದಿಂದೆದ್ದು ಬರುವವರೆಗೂ ಕಾವಲನ್ನು ಬಿಟ್ಟು ಕದಲಲಿಲ್ಲ. ಹೇಳಿದ್ದನ್ನು ಕೊನೆಯವರೆಗೂ ಕೇಳಿದವರು ಅವರೇ ಎಂದು ತೋರುತ್ತದೆ.

ಎರಡನೆಯ ಬಾಗಿಲು ಕೆಲವರ ಆಡಳಿತದ್ದು. ದಂಡು, ದುಡಿಮೆ, ರಾಯಭಾರ ಮೂರಕ್ಕೂ ಒಂದೊಂದು ಮನೆ, ಮತ್ತೊಂದು ಸ್ವೇಚ್ಛೆಯದು. ನೋಡುವುದಕ್ಕೆ ಬಹಳ ಸಮತೋಲದ ಏರ್ಪಾಡು. ಆದರೆ ಇದರ ನಿಜವಾದ ಬಲ ಬೇರೆ ಕಡೆ ಇದೆ. ಎದುರುಬದುರಾಗಿ ನಿಂತು ಕಾದುವ ಕಾಲಾಳುಗಳ ಬಲಕ್ಕೆ ಇದು ನಾಲ್ಕನ್ನು ಕೂಡಿಸುತ್ತದೆ. ಆಟದ ಆರಂಭದಲ್ಲಿ ಒಬ್ಬ ಯೋಧನ ಬಲವೇ ಇಪ್ಪತ್ತು. ಅದಕ್ಕೆ ನಾಲ್ಕು ಸೇರಿತೆಂದರೆ ನೆರೆಯವನು ಗಡಿಯಲ್ಲಿ ನಿಂತು ಎರಡು ಬಾರಿ ಆಲೋಚಿಸಬೇಕಾಗುತ್ತದೆ. ಇದಕ್ಕೆ ಸ್ಪಾರ್ಟಾ ನಗರವೇ ಒಳ್ಳೆಯ ನಿದರ್ಶನ. ಅಲ್ಲಿ ಏಕಕಾಲದಲ್ಲಿ ಇಬ್ಬರು ರಾಜರು. ಅವರೊಡನೆ ಅರವತ್ತು ದಾಟಿದ ಇಪ್ಪತ್ತೆಂಟು ಮಂದಿ ಹಿರಿಯರ ಸಭೆ. ಅವರೆಲ್ಲರ ಮೇಲೆ ಕಣ್ಣಿಡಲು ವರ್ಷ ವರ್ಷವೂ ಆರಿಸಲ್ಪಡುವ ಐವರು ಅಧಿಕಾರಿಗಳು. ಗ್ರೀಕರ ನಾಡಿನಲ್ಲಿ ಅವರ ಕಾಲಾಳುಗಳಿಗೆ ಸಮನಿರಲಿಲ್ಲ. ಆದರೆ ಆ ಹೊಲಗಳನ್ನು ಉಳುತ್ತಿದ್ದವರು ಹೆಲಟರೆಂಬ ಜೀತದಾಳುಗಳು. ಅವರು ಯಾವ ಸಭೆಯ ಲೆಕ್ಕಕ್ಕೂ ಸೇರಿರಲಿಲ್ಲ. ಆಟದ ಲೆಕ್ಕಕ್ಕೂ ಸೇರಿಲ್ಲ.

ಮೂರನೆಯದು ಗಣರಾಜ್ಯ. ದುಡಿಮೆಗೆ ಎರಡು ಮನೆ, ರಾಯಭಾರಕ್ಕೊಂದು, ಸ್ವೇಚ್ಛೆಗೊಂದು. ದಂಡಿಗೆ ಮೀಸಲಾದ ಮನೆ ಒಂದೂ ಇಲ್ಲ. ಪೇಟೆಯೋ ಪಾಠಶಾಲೆಯೋ ನೆಲೆಗೊಂಡ ಪ್ರತಿಯೊಂದು ನಗರಕ್ಕೂ ವಸತಿಯೂ ಸೌಕರ್ಯವೂ ಒಂದೊಂದು ಪಾಲು ಹೆಚ್ಚು. ಕವಿಗಳು, ಶಿಲ್ಪಿಗಳು, ವಿಜ್ಞಾನಿಗಳು ಹುಟ್ಟಿ ಬರುವ ಯೋಗವೂ ನೂರಕ್ಕೆ ಹದಿನೈದರಷ್ಟು ಹೆಚ್ಚು. ಜನ ಸುಖವಾಗಿರುತ್ತಾರೆ. ಬೇಲಿ ಮಾತ್ರ ತಗ್ಗು. ಕಾಡಿನ ಅಂಚಿನಿಂದ ಒಬ್ಬ ಬೇಹುಗಾರ ಬಂದು ಊರನ್ನು ನೋಡಿಕೊಂಡು ಹೋದನೆಂದರೆ ಕೆಲವು ಸರದಿಗಳೊಳಗೆ ಅವನ ಬಳಗವೆಲ್ಲ ಕೊಡಲಿಗಳೊಡನೆ ಬರುತ್ತದೆ; ಕವಿಗಳು ಆಗ ಉಪಯೋಗಕ್ಕೆ ಬರುವುದಿಲ್ಲ. ಈ ಆಟದ ಗ್ರೀಕರಿಗೆ ಒಂದು ವಿಶೇಷ ವರವುಂಟು: ಯಾವ ಸರ್ಕಾರವಿದ್ದರೂ ಅವರಿಗೆ ಸ್ವೇಚ್ಛೆಯ ಮನೆಯೊಂದು ಅಧಿಕ. ಆ ವರಕ್ಕೆ ಇಟ್ಟಿರುವ ಹೆಸರು ‘ಪ್ಲೇಟೋವಿನ ಗಣರಾಜ್ಯ’. ಆ ಹೆಸರಿನ ಗ್ರಂಥದಲ್ಲಿ ಪ್ಲೇಟೋ ಬಹುಜನರ ಆಡಳಿತವನ್ನು ಕೆಲವರ ಆಡಳಿತಕ್ಕಿಂತಲೂ ಕೆಳಗೆ, ನಿರಂಕುಶ ಪ್ರಭುವಿಗಿಂತ ಒಂದೇ ಮೆಟ್ಟಿಲು ಮೇಲೆ ಕೂರಿಸಿದನೆಂಬುದನ್ನು ಆಡುವ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಅನುಭವಸ್ಥ ಆಟಗಾರರು ಈ ಪ್ರಶ್ನೆಯನ್ನು ಎದುರಿಸುವ ರೀತಿ ಹೆಣ್ಣಿಗೆ ವರ ನೋಡುವ ಹಿರಿಯರ ರೀತಿಗೆ ತೀರ ಸಮೀಪವಾದದ್ದು. ‘ಒಳ್ಳೆಯವನಾರು’ ಎಂದು ಅವರು ಕೇಳುವುದಿಲ್ಲ. ‘ನಮ್ಮ ಸ್ಥಿತಿಗೆ ಹೊಂದುವವನಾರು’ ಎನ್ನುತ್ತಾರೆ. ನೆರೆಯಲ್ಲಿ ಜಗಳಗಂಟ ರಾಜನಿದ್ದರೆ, ಅಥವಾ ತಾನೇ ಜಗಳಗಂಟನಾಗುವ ಉದ್ದೇಶವಿದ್ದರೆ, ಕೆಲವರ ಆಡಳಿತ. ನಾಲ್ಕೂ ಕಡೆ ಸಮುದ್ರ, ಊರುಗಳು ನಾಲ್ಕೈದು, ಜನ ಹೆಚ್ಚಿ ಇಕ್ಕಟ್ಟಾಗಿದೆಯೆಂದರೆ ಗಣರಾಜ್ಯ. ರಾಜಧಾನಿಯೊಂದೇ ದೊಡ್ಡದು, ಉಳಿದುದೆಲ್ಲ ಅದರ ನೆರಳು, ಜೊತೆಗೆ ಮಹಾಸೌಧವೊಂದನ್ನು ಕಟ್ಟುವ ಹುಚ್ಚು ಹಿಡಿದಿದೆಯೆಂದರೆ ಏಕಾಧಿಪತ್ಯ. ಯಾವುದೂ ಶಾಶ್ವತವಲ್ಲ; ಶತಮಾನಗಳು ಕಳೆದ ಮೇಲೆ ರಾಜತ್ವವೋ, ವರ್ತಕರ ಗಣರಾಜ್ಯವೋ, ಧರ್ಮಾಧಿಕಾರಿಗಳ ಪ್ರಭುತ್ವವೋ ಬಂದು ಇದನ್ನು ಹಿಂದಕ್ಕೆ ಸರಿಸುತ್ತದೆ. ಬಿಟ್ಟ ಸರ್ಕಾರಕ್ಕೆ ಮತ್ತೆ ಮರಳುವೆನೆಂದರೆ ಮಾತ್ರ ನಡುವೆ ಕೆಲವು ಸರದಿಗಳ ಅರಾಜಕತೆಯನ್ನು ಅನುಭವಿಸಬೇಕು.

ಈ ಲೆಕ್ಕಾಚಾರದಲ್ಲಿ ದೋಷವಿಲ್ಲ. ಆದರೂ ಅದನ್ನು ನೋಡುತ್ತ ಕುಳಿತವರಿಗೆ ಎಲ್ಲಿಯೋ ಏನೋ ಕಡಮೆಯಾಗಿದೆಯೆಂಬ ಭಾವನೆ ಹುಟ್ಟುವುದುಂಟು.

ಒಂದು ಮನೆಯಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಬೇಸಗೆಯ ರಜೆಯಲ್ಲಿ ಈ ಆಟಕ್ಕೆ ಕುಳಿತಿದ್ದಳು. ಪಕ್ಕದಲ್ಲಿ ಸಲಹೆಗಾರನಾಗಿ ತಮ್ಮ. ಹಿಂದೆ ಕುರ್ಚಿಯಲ್ಲಿ ನಿವೃತ್ತರಾದ ತಾತ. ಬಾಗಿಲ ಬಳಿ ಮೊರದ ತುಂಬ ಹುರುಳಿಕಾಯಿಯನ್ನು ಹಾಕಿಕೊಂಡು ನಾರು ಬಿಡಿಸುತ್ತಿದ್ದ ಅಜ್ಜಿ. ಹುಡುಗಿ ಬಹಳ ಯೋಚಿಸಿ, ತಮ್ಮನ ಆಕ್ಷೇಪಣೆಯನ್ನು ಬದಿಗಿಟ್ಟು, ತನ್ನ ರಾಜ್ಯವನ್ನು ಗಣರಾಜ್ಯವೆಂದು ಘೋಷಿಸಿದಳು. ಪರದೆಯ ಮೇಲೆ ಬಣ್ಣ ಬದಲಾಯಿತು. ಮಂಗಳವಾದ್ಯದಂತಹ ಒಂದು ಧ್ವನಿ ಕೇಳಿಸಿತು.

“ಯಾರನ್ನು ಕೇಳಿ ಗಣರಾಜ್ಯ ಮಾಡಿದೆಯಮ್ಮ?” ಎಂದರು ತಾತ.

“ಕೇಳುವುದಕ್ಕೆ ಯಾರಿದ್ದಾರೆ ತಾತ? ಆಡುತ್ತಿರುವವಳು ನಾನೇ ಅಲ್ಲವೆ?”

“ನಿನ್ನ ಊರುಗಳಲ್ಲಿ ಅಷ್ಟೊಂದು ಜನ ಕಾಣುತ್ತಾರಲ್ಲ?”

“ಅವರು ಜನರಲ್ಲ ತಾತ, ಸಂಖ್ಯೆ.”

ತಾತ ನಕ್ಕರು. “ಹಾಗಾದರೆ ಅದು ಗಣರಾಜ್ಯ ಹೇಗಾಯಿತು? ಹೇಳುವವಳು ನೀನು, ಮಾಡಿಸುವವಳು ನೀನು. ಯಾರನ್ನೂ ಒಂದು ಮಾತು ಕೇಳದೆ...”

“ಊರಿನ ಮನೆ ಮಾರಿದಾಗ ನೀವು ಯಾರನ್ನು ಕೇಳಿದಿರಿ?” ಎಂದರು ಅಜ್ಜಿ, ತಲೆಯೆತ್ತದೆ.

ಮಾತಿನಲ್ಲಿ ಕೋಪವಿರಲಿಲ್ಲ. ಮನೆ ಮಾರಿ ಇಪ್ಪತ್ತು ವರ್ಷಗಳಾಗಿದ್ದವು. ಬಂದ ಹಣದಿಂದ ಈ ಮನೆ ಎದ್ದಿತ್ತು. ಮಗನ ಓದು ಮುಗಿದಿತ್ತು. ವ್ಯವಹಾರದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ, ಅಜ್ಜಿಗೂ ಇರಲಿಲ್ಲ. “ಕೇಳಿದ್ದರೂ ನಾನು ಆಗಲಿ ಎಂದೇ ಅನ್ನುತ್ತಿದ್ದೆ” ಎಂದು ಅವರು ಒಂದು ಕ್ಷಣ ಬಿಟ್ಟು ಹೇಳಿದರು. “ಹಿತ್ತಲಿನ ಸಂಪಿಗೆಯ ಗಿಡ ನಾನು ನೆಟ್ಟದ್ದು. ಅದಕ್ಕೆ ಹೇಳಿದೆ.”

ತಾತ ಕನ್ನಡಕವನ್ನು ತೆಗೆದು ಒರೆಸತೊಡಗಿದರು. ಮೊಮ್ಮಗಳು ಮುಂದಿನ ಸರದಿಯ ಗುಂಡಿಯನ್ನು ಒತ್ತುವುದನ್ನು ಮರೆತಳು. ಆಟದ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲದ ಒಂದು ಸಂಗತಿ ಆ ಕೋಣೆಗೆ ಬಂದು ಕುಳಿತಿತ್ತು.

ಅದೇನೆಂದರೆ, ತೀರ್ಮಾನ ಸರಿಯಾಗಿರುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಆರನೆಯ ಆಟದ ಮೂರು ಸರ್ಕಾರಗಳೂ ಆಟಗಾರನಿಗೆ ಕೊಡುಗೆಗಳನ್ನು ಕೊಡುತ್ತವೆ. ಒಂದೂ ಅವನನ್ನು ತಡೆಯುವುದಿಲ್ಲ. ಗಣರಾಜ್ಯದಲ್ಲಿ ಕುಳಿತು ಅವನು ಬೆಳಗಿನ ಸರದಿಯಲ್ಲಿ ಯುದ್ಧ ಸಾರಬಹುದು, ಮಧ್ಯಾಹ್ನದ ಸರದಿಯಲ್ಲಿ ಸಂಧಿ ಮಾಡಬಹುದು. ಎದ್ದು ನಿಂತು ‘ಬೇಡ ಸ್ವಾಮಿ’ ಎನ್ನುವ ಒಬ್ಬ ಸಭಾಸದನೂ ಅಲ್ಲಿಲ್ಲ. ಎಂದಮೇಲೆ ಅವು ಮೂರು ಸರ್ಕಾರಗಳಲ್ಲ. ಒಬ್ಬನೇ ಏಕಾಧಿಪತಿ ತೊಡುವ ಮೂರು ಅಂಗಿಗಳು.

ವಿಚಿತ್ರವೇನೆಂದರೆ, ಹಳೆಯ ಆಟ ಈ ವಿಷಯದಲ್ಲಿ ಹೆಚ್ಚು ನಿಷ್ಠುರವಾಗಿತ್ತು. ೧೯೯೧ರ ಆ ಮೊದಲ ಆಟದಲ್ಲಿ ಎಲ್ಲರೂ ನಿರಂಕುಶ ಪ್ರಭುತ್ವದಿಂದಲೇ ಆರಂಭಿಸಬೇಕಾಗಿತ್ತು. ಆ ಪ್ರಭುತ್ವಕ್ಕೆ ಒಂದು ಶಾಪವಿತ್ತು: ಯಾವ ತುಂಡುನೆಲವಾದರೂ ಅನ್ನವನ್ನೋ ಸಾಮಗ್ರಿಯನ್ನೋ ಮೂರು ಪಾಲು ಅಥವಾ ಅದಕ್ಕಿಂತ ಹೆಚ್ಚು ಬೆಳೆದರೆ ಅದರಲ್ಲಿ ಒಂದು ಪಾಲು ಮಾಯವಾಗುತ್ತಿತ್ತು. ಎಲ್ಲಿ ಹೋಯಿತೆಂದು ಆಟ ಹೇಳುತ್ತಿರಲಿಲ್ಲ. ಲಂಚ, ಭಯ, ಸೋಮಾರಿತನ ಯಾವುದೆಂದಾದರೂ ಊಹಿಸಿಕೊಳ್ಳಬಹುದಾಗಿತ್ತು. ಇದರಿಂದ ಬಿಡಿಸಿಕೊಳ್ಳಲು ಆರಂಭದಲ್ಲಿ ಎರಡು ದಾರಿ. ಶಾಸನಗಳ ಜ್ಞಾನದೊಡನೆ ಶವಸಂಸ್ಕಾರದ ವಿಧಿಯನ್ನು ಅರಿತವರಿಗೆ ರಾಜತ್ವ ದೊರೆಯುತ್ತಿತ್ತು. ಶಾಸನಗಳ ಜ್ಞಾನದೊಡನೆ ಅಕ್ಷರಜ್ಞಾನವನ್ನು ಹರಡಿದವರಿಗೆ ಗಣರಾಜ್ಯ. ಸತ್ತವರನ್ನು ಗೌರವಿಸಲು ಕಲಿತರೆ ರಾಜನೂ, ಬದುಕಿರುವವರಿಗೆ ಓದಲು ಕಲಿಸಿದರೆ ಗಣರಾಜ್ಯವೂ ಬರುತ್ತದೆಂಬ ಈ ಕಲ್ಪನೆಯನ್ನು ರಚಿಸಿದವರು ತಿಳಿದೇ ಮಾಡಿದರೋ ತಿಳಿಯದೆ ಮಾಡಿದರೋ, ರಾಜನೀತಿಯ ಪಾಠವೊಂದು ಅದರಲ್ಲಿ ಅಡಗಿದೆ.

ಗಣರಾಜ್ಯವನ್ನು ಆರಿಸಿದವನಿಗೆ ಅಲ್ಲಿ ವ್ಯಾಪಾರ ವೃದ್ಧಿಸುತ್ತಿತ್ತು. ಆದರೆ ದಂಡನ್ನು ಊರ ಹೊರಗೆ ಕಳುಹಿಸಿದರೆ ಊರೊಳಗೆ ಅಸಮಾಧಾನ ತಲೆದೋರುತ್ತಿತ್ತು. ನೆರೆಯ ರಾಜನು ಸಂಧಿಯ ಮಾತನ್ನಾಡಿದಾಗ ಆಟಗಾರನು ತಿರಸ್ಕರಿಸಲು ಹೊರಟರೆ, ಸೆನೆಟ್ ಸಭೆ ಅವನನ್ನು ಮೀರಿ ಸಂಧಿಗೆ ಒಪ್ಪಿಬಿಡುತ್ತಿತ್ತು. ಕೋಟೆಯ ಬಾಗಿಲಿಗೆ ಸೈನ್ಯವನ್ನು ತಂದು ನಿಲ್ಲಿಸಿ, ನಾಳೆ ನುಗ್ಗಬೇಕೆಂದಿರುವಾಗ, ತನ್ನದೇ ಸಭೆ ‘ಸಾಕು’ ಎಂದರೆ ಆಟಗಾರನ ರಕ್ತ ಕುದಿಯದೆ ಇರುತ್ತದೆಯೆ? ಆ ಸಭೆಯನ್ನು ಶಪಿಸದ ಆಟಗಾರನಿರಲಿಲ್ಲ. ಆದರೆ ನಿಜವಾಗಿ ನೋಡಿದರೆ, ಆ ಆಟದಲ್ಲಿ ಪ್ರಜೆಗಳು ಸಂಖ್ಯೆಗಳಾಗಿರದೆ ಮನುಷ್ಯರಾಗಿ ಕಂಡದ್ದು ಆ ಒಂದು ಗಳಿಗೆಯಲ್ಲಿ ಮಾತ್ರ. ‘ಬೇಡ’ ಎನ್ನುವ ಬಾಯೊಂದನ್ನು ಇಟ್ಟುಕೊಳ್ಳಲು ಒಪ್ಪಿದವನು ಮಾತ್ರ ಆ ಕಾಲದಲ್ಲಿ ಗಣರಾಜ್ಯದ ಒಡೆಯನಾಗಬಹುದಾಗಿತ್ತು.

ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ರೋಮನರು ಕ್ರಿ. ಪೂ. ೫೦೯ರಲ್ಲಿ ತಮ್ಮ ಕೊನೆಯ ಅರಸನನ್ನು ಓಡಿಸಿದರೆಂದು ಪರಂಪರೆ ಹೇಳುತ್ತದೆ. ಅವನ ಜಾಗದಲ್ಲಿ ಅವರು ಇಬ್ಬರನ್ನು ಕೂರಿಸಿದರು, ಅದೂ ಒಂದೇ ವರ್ಷದ ಮಟ್ಟಿಗೆ. ಒಬ್ಬನು ಹೊರಡಿಸಿದ ಅಪ್ಪಣೆಯನ್ನು ಇನ್ನೊಬ್ಬನು ನಿಲ್ಲಿಸಬಹುದಾಗಿತ್ತು. ಅದೂ ಸಾಲದೆಂದು ಬಡಜನರು ತಮಗಾಗಿ ಬೇರೆ ಅಧಿಕಾರಿಗಳನ್ನು ಪಡೆದುಕೊಂಡರು. ಅವರ ಕೈಯಲ್ಲಿದ್ದ ಮುಖ್ಯ ಆಯುಧ ಒಂದೇ ಒಂದು ಮಾತು. ಇಂದಿಗೂ ಪತ್ರಿಕೆಗಳಲ್ಲಿ ಕಾಣುವ ‘ವೀಟೋ’ ಎಂಬ ಆ ಲ್ಯಾಟಿನ್ ಮಾತಿಗೆ ‘ನಾನು ತಡೆಯುತ್ತೇನೆ’ ಎಂದು ಅರ್ಥ. ಅಥೆನ್ಸಿನ ಸೋಲನ್ ಕ್ರಿ. ಪೂ. ೫೯೪ರಲ್ಲಿ ಆ ನಗರಕ್ಕೆ ಹೊಸ ಶಾಸನಗಳನ್ನು ಮಾಡಿಕೊಟ್ಟು, ಅವುಗಳನ್ನು ತಿದ್ದಿಕೊಡೆಂದು ಯಾರೂ ತನ್ನನ್ನು ಕಾಡದಿರಲೆಂದು ಹತ್ತು ವರ್ಷ ದೇಶಾಂತರ ಹೋದನಂತೆ. ಸರ್ವಾಧಿಕಾರವನ್ನು ಆರು ತಿಂಗಳಿಗೆ ಪಡೆದ ರೋಮಿನ ಸಿನ್ಸಿನೇಟಸ್ ಹದಿನಾರನೆಯ ದಿನ ಅದನ್ನು ಹಿಂದಕ್ಕೆ ಕೊಟ್ಟು ತನ್ನ ನೇಗಿಲಿಗೆ ಮರಳಿದನೆಂಬ ಕಥೆಯನ್ನು ರೋಮನರು ತಲೆತಲಾಂತರ ಹೇಳಿಕೊಂಡರು. ಕಥೆಯಲ್ಲಿ ಎಷ್ಟು ಪಾಲು ನಿಜವೆಂಬುದು ಹಾಗಿರಲಿ. ಮಕ್ಕಳಿಗೆ ಹೇಳಲು ಅವರು ಆರಿಸಿದ್ದು ಇಂತಹ ಕಥೆಯನ್ನು ಎಂಬುದೇ ಮುಖ್ಯ.

ಭರತಖಂಡದಲ್ಲಿಯೂ ಅದೇ ಪ್ರಾಚೀನ ಕಾಲದಲ್ಲಿ ಗಣರಾಜ್ಯಗಳಿದ್ದವು. ವೈಶಾಲಿಯ ಲಿಚ್ಛವಿಗಳೂ ಅವರೊಡಗೂಡಿದ ವಜ್ಜಿಗಳೂ ಸಭೆ ಸೇರಿ ಆಳಿಕೊಳ್ಳುತ್ತಿದ್ದರು. ಮಗಧದ ಅಜಾತಶತ್ರು ಅವರ ಮೇಲೆ ದಂಡೆತ್ತಿ ಹೋಗುವ ಮುನ್ನ ತನ್ನ ಮಂತ್ರಿಯನ್ನು ಬುದ್ಧನ ಬಳಿಗೆ ಕಳುಹಿಸಿದನೆಂದು ಬೌದ್ಧಗ್ರಂಥಗಳು ಹೇಳುತ್ತವೆ. ಬುದ್ಧನು ವಜ್ಜಿಗಳ ಆನೆ ಕುದುರೆಗಳ ಲೆಕ್ಕವನ್ನು ಕೇಳಲಿಲ್ಲ. ಅವರು ಮೇಲಿಂದ ಮೇಲೆ ಸಭೆ ಸೇರುತ್ತಿದ್ದಾರೆಯೆ, ಒಮ್ಮನಸ್ಸಿನಿಂದ ಕೂಡಿ ಒಮ್ಮನಸ್ಸಿನಿಂದ ಏಳುತ್ತಾರೆಯೆ, ಹಿರಿಯರ ಮಾತಿಗೆ ಕಿವಿಗೊಡುತ್ತಾರೆಯೆ ಎಂದು ವಿಚಾರಿಸಿದನು. ಅವು ಇರುವವರೆಗೆ ಅವರಿಗೆ ಹಾನಿಯಿಲ್ಲವೆಂದನು. ಅದನ್ನು ಕೇಳಿದ ಮಂತ್ರಿ ಜಾಣ. ಹಾಗಾದರೆ ಮೊದಲು ಒಡೆಯಬೇಕಾದದ್ದು ಕೋಟೆಯನ್ನಲ್ಲ, ಸಭೆಯನ್ನು ಎಂಬುದನ್ನು ಅರ್ಥಮಾಡಿಕೊಂಡು ಹಿಂದಿರುಗಿದ. ಕೊನೆಗೆ ವಜ್ಜಿಗಳು ಸೋತರು. ದಂಡಿನ ಮನೆಯಿಲ್ಲದೆ ಗಣರಾಜ್ಯಕ್ಕೆ ಅಪಾಯವೆಂದು ಆರನೆಯ ಆಟ ಕಲಿಸುತ್ತದೆ. ಸಭೆಯ ಮನೆ ಬರಿದಾದರೆ ಅದಕ್ಕಿಂತ ಹೆಚ್ಚಿನ ಅಪಾಯವೆಂಬುದನ್ನು ಕಲಿಸಲು ಅದರಲ್ಲಿ ಎಲೆಯಿಲ್ಲ.

ಆರಂಭದ ಸರ್ಕಾರಕ್ಕೆ ಇಷ್ಟು ಮಹತ್ತ್ವವೇಕೆ, ಹೇಗೂ ಮುಂದೆ ಬದಲಾಗುವುದಲ್ಲ ಎಂದು ಕೇಳಬಹುದು. ಆರನೆಯ ಆಟ ಮೊದಲು ಹೊರಬಂದಾಗ ಅದಕ್ಕೊಂದು ಉತ್ತರವನ್ನು ತನ್ನ ನಿಯಮದಲ್ಲಿಯೇ ಇಟ್ಟುಕೊಂಡಿತ್ತು. ಒಂದು ಸರ್ಕಾರದ ಕೆಳಗೆ ಎಷ್ಟು ಹೆಚ್ಚು ಕಾಲ ಇದ್ದರೆ ಅದರ ಗುಣವೊಂದು ಅಷ್ಟು ಬೆಳೆದು, ಸರ್ಕಾರ ಹೋದ ಮೇಲೆಯೂ ರಾಜ್ಯದ ಮೈಯಲ್ಲಿ ಉಳಿದುಬಿಡುತ್ತಿತ್ತು. ಏಕಾಧಿಪತ್ಯ ತೊಲಗಿದರೂ ಸೌಧ ಕಟ್ಟುವ ಚಟ ತೊಲಗುತ್ತಿರಲಿಲ್ಲ. ಗಣರಾಜ್ಯ ಮುಗಿದರೂ ಕವಿಗಳು ಹುಟ್ಟುವುದು ನಿಲ್ಲುತ್ತಿರಲಿಲ್ಲ. ಮೊದಲ ಹವ್ಯಾಸ ಕಡೆಯವರೆಗೆ.

ಸಂಸಾರಗಳನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ. ಮದುವೆಯಾಗಿ ಬೇರೆ ಮನೆ ಮಾಡಿದ ಮೊದಲ ಆರು ತಿಂಗಳಲ್ಲಿ ಬೀರುವಿನ ಬೀಗದಕೈ ಯಾರ ಬಳಿ ಇತ್ತು, ಸಂಬಳದ ಹಣವನ್ನು ಯಾರು ಎಣಿಸಿದರು, ಊರಿನಿಂದ ಬಂದ ಕಾಗದವನ್ನು ಯಾರು ಮೊದಲು ಒಡೆದರು, ‘ಹೇಗೆ ಮಾಡೋಣ’ ಎಂಬ ಮಾತು ಎಷ್ಟು ಸಲ ಆಡಲ್ಪಟ್ಟಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಅದನ್ನು ಯಾರೂ ಸಂವಿಧಾನವೆಂದು ಕರೆಯುವುದೂ ಇಲ್ಲ. ಆದರೆ ಮೂವತ್ತು ವರ್ಷಗಳ ಮೇಲೆ ಆ ಮನೆಯಲ್ಲಿ ಮಗಳ ಮದುವೆಯ ಮಾತು ಬಂದಾಗ ಯಾರು ಮಾತನಾಡುತ್ತಾರೆ, ಯಾರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ ಎಂಬುದು ಆ ಆರು ತಿಂಗಳುಗಳಲ್ಲಿಯೇ ಗೊತ್ತಾಗಿರುತ್ತದೆ. ಕೇಳುವ ಹವ್ಯಾಸವಿಲ್ಲದೆ ನಡೆದುಬಂದ ಮನೆಯ ಯಜಮಾನರು ಕೆಟ್ಟವರೆಂದು ಹೇಳುವಂತಿಲ್ಲ. ಬಹುಪಾಲು ಅವರು ಒಳ್ಳೆಯವರು, ತಮಗಾಗಿ ಒಂದು ಅಂಗಿಯನ್ನು ಹೊಲಿಸಿಕೊಳ್ಳದೆ ಮನೆಗಾಗಿ ದುಡಿದವರು. ಅವರು ಮಾಡಿದ ತೀರ್ಮಾನಗಳೂ ಬಹುಪಾಲು ಸರಿಯಾದವೇ. ಆದರೂ ಒಂದು ಸಂಪಿಗೆಯ ಗಿಡ ಇಪ್ಪತ್ತು ವರ್ಷ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಗೆಲ್ಲುವ ದಾರಿಗಳು ಈ ಆಟದಲ್ಲಿ ಹಲವು. ಶತ್ರುಗಳ ರಾಜಧಾನಿಗಳನ್ನೆಲ್ಲ ಹಿಡಿಯಬಹುದು. ವಿಜ್ಞಾನದಲ್ಲಿ ಎಲ್ಲರನ್ನೂ ಮೀರಬಹುದು. ಸಂಸ್ಕೃತಿಯಿಂದ, ಧರ್ಮಪ್ರಚಾರದಿಂದ, ರಾಯಭಾರದಿಂದಲೂ ಗೆಲ್ಲಬಹುದು. ಸಿಂಹಾಸನವನ್ನು ಬಿಟ್ಟುಕೊಡುವುದು ಆ ಪಟ್ಟಿಯಲ್ಲಿಲ್ಲ. ೨೦೧೮ರಲ್ಲಿ ಈ ಆಟಕ್ಕೆ ಸೇರಿಸಿದ ಭಾಗದಲ್ಲಿ ಭಾರತದ ಇನ್ನೊಬ್ಬ ನಾಯಕನಾಗಿ ಚಂದ್ರಗುಪ್ತ ಮೌರ್ಯ ಬಂದಿದ್ದಾನೆ. ಅವನಿಗೆ ಕೊಟ್ಟಿರುವ ವಿಶೇಷ ಶಕ್ತಿಯ ಹೆಸರು ‘ಅರ್ಥಶಾಸ್ತ್ರ’. ನೆರೆಯ ನಾಡನ್ನು ಆಕ್ರಮಿಸಲು ಇತರರಿಗಿಂತ ಬೇಗ ಯುದ್ಧ ಹೂಡಬಲ್ಲನೆಂಬುದು ಅದರ ಸಾರ. ಅವನ ಜೀವನದ ಪೂರ್ವಾರ್ಧಕ್ಕೆ ಅದು ಒಪ್ಪುವ ಮಾತೇ. ಉತ್ತರಾರ್ಧವನ್ನು ಮಾತ್ರ ಆಟ ರಚಿಸಿದವರು ಕೈಬಿಟ್ಟಿದ್ದಾರೆ.

ಅದನ್ನು ಕನ್ನಡನಾಡಿನವರು ಬಿಟ್ಟಿಲ್ಲ. ಜೈನರ ಪರಂಪರೆಯ ಪ್ರಕಾರ, ಆ ಚಕ್ರವರ್ತಿ ರಾಜ್ಯವನ್ನು ತ್ಯಜಿಸಿ, ಗುರು ಭದ್ರಬಾಹುವಿನ ಹಿಂದೆ ದಕ್ಷಿಣಕ್ಕೆ ನಡೆದು ಬಂದು, ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಗೊಮ್ಮಟನಿರುವ ದೊಡ್ಡಬೆಟ್ಟಕ್ಕೆ ಎದುರಾಗಿರುವ ಚಿಕ್ಕಬೆಟ್ಟಕ್ಕೆ ಅವನ ಹೆಸರಿನಿಂದಲೇ ಚಂದ್ರಗಿರಿಯೆಂದು ಹೆಸರು; ಅದರ ಮೇಲೆ ಚಂದ್ರಗುಪ್ತ ಬಸದಿಯೂ ಇದೆ. ಯಾತ್ರಿಕರ ಗದ್ದಲವೆಲ್ಲ ದೊಡ್ಡಬೆಟ್ಟದ ಕಡೆ. ಸಿ೦ಧೂವಿನಿಂದ ಗಂಗೆಯವರೆಗಿನ ನೆಲವನ್ನು ಆಳಿದವನಿಗೆ ಕಡೆಯಲ್ಲಿ ಬೇಕಾದದ್ದು ಆ ಬಂಡೆಯ ಮೇಲೆ ಮಲಗುವಷ್ಟು ಜಾಗ. ಅವನು ಯಾವ ಸರ್ಕಾರವನ್ನು ನಡೆಸಿದನೆಂಬುದನ್ನು ಚರಿತ್ರೆಯ ಪುಸ್ತಕದಲ್ಲಿ ಓದಬಹುದು. ಸರ್ಕಾರವನ್ನು ಹೇಗೆ ಕೆಳಗಿಟ್ಟನೆಂದು ಜನ ನಂಬಿದ್ದಾರೆಂಬುದನ್ನು ತಿಳಿಯಬೇಕಾದರೆ ಆ ಮೆಟ್ಟಿಲುಗಳನ್ನು ಹತ್ತಬೇಕು.

ಆಟ ಆಟವೇ, ಅದರಿಂದ ಉಪನಿಷತ್ತನ್ನು ನಿರೀಕ್ಷಿಸುವುದು ತರವಲ್ಲ. ಮಕ್ಕಳು ಕೆಲವರ ಆಡಳಿತವನ್ನು ಆರಿಸಿ ನೆರೆಯವನನ್ನು ಸದೆಬಡಿಯಲಿ. ಗಣರಾಜ್ಯವನ್ನು ಆರಿಸಿ ಕವಿಗಳನ್ನು ಸಾಕಲಿ. ಆದರೆ ಆಡುವವರ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತ ಹಿರಿಯರು ಒಮ್ಮೆಯಾದರೂ ‘ಯಾರನ್ನು ಕೇಳಿ ಮಾಡಿದೆ?’ ಎಂದು ವಿಚಾರಿಸುವುದು ಒಳ್ಳೆಯದು. ಆ ಪ್ರಶ್ನೆ ತಿರುಗಿ ತಮ್ಮ ಕಡೆಗೇ ಬಂದರೆ ಕನ್ನಡಕವನ್ನು ಒರೆಸಿಕೊಳ್ಳಲು ಒಂದು ಬಟ್ಟೆಯನ್ನು ಕೈಯಲ್ಲಿಟ್ಟುಕೊಂಡಿರುವುದು ಇನ್ನೂ ಒಳ್ಳೆಯದು.